ದಿನವೂ ಮನೆ ಬಿಡುತ್ತಿದ್ದ ನಮ್ಮ ಭಾವ

'ನೀರು ಕುಡಿದಷ್ಟು ಸುಲಭ' ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಪ್ಪಿತಪ್ಪಿ ಆಡಿದರೆ ಅಕ್ಕ ಕಣ್ಣು ಕೆಂಪಗೆ ಮಾಡುತ್ತಾಳೆ, ಭಾವ ನೆಲ ನೋಡುತ್ತಾರೆ, ಅಮ್ಮ ಒಲೆಯ ಮೇಲೆ ಏನೋ ಇಟ್ಟು ಬಂದವಳಂತೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನನಗೆ ಮಾತ್ರ ನಗು ತಡೆಯುವುದಿಲ್ಲ. ಈ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿರುವುದೂ ಅದಕ್ಕೇ. ಉಳಿದ ಮೂವರನ್ನು ಕೇಳಿದರೆ ತಮಗೆ ಬೇಡದ ಭಾಗವನ್ನು ನುಂಗಿಕೊಂಡು ಹೇಳುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಸೂಟ್‌ಕೇಸು, ಬ್ಯಾಗು ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಚಕ್ರವೋ ಹಿಡಿಯೋ ಪಟ್ಟಿಯೋ ನೇತಾಡುತ್ತಿರುತ್ತದೆ. ಮೂಲೆಯ ತಗಡಿನ ಡಬ್ಬಿಯಲ್ಲಿ ಯಾವ ಬೀಗಕ್ಕೂ ಸೇರದ ಕೀಲಿಕೈಗಳ ರಾಶಿ. ಬಿಸಾಡಿ ಎಂದರೆ, ಅವುಗಳ ಬೀಗ ಎಲ್ಲೋ ಇರುತ್ತದೆ, ಇವತ್ತಲ್ಲ ನಾಳೆ ಬಂದೇ ಬರುತ್ತದೆ ಎನ್ನುತ್ತಾರೆ. ಭಾವನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಮನುಷ್ಯ ಸಾಧು. ಹಟ ಹಿಡಿದ ಜಿಪ್ಪಿನ ಹತ್ತಿರವೂ ಮರ್ಯಾದೆಯಿಂದ ಮಾತಾಡುತ್ತಾರೆ. ದೇಶ ಸುತ್ತಿ ಬಂದ ಪೆಟ್ಟಿಗೆಗಳೆಲ್ಲ ಅವರ ಕೈಯಲ್ಲಿ ಹಾದುಹೋಗಿವೆ, ಅವರು ಮಾತ್ರ ಊರ ಗಡಿ ದಾಟಿದವರಲ್ಲ.

ಪೆಟ್ಟಿಗೆ ತಂದವರು ಸುಮ್ಮನೆ ಕೂರುತ್ತಾರೆಯೇ? ಹೋಗಿಬಂದ ಊರುಗಳ ಕಥೆ ಹೇಳುತ್ತಾರೆ. ಎಲ್ಲರ ಕಥೆಯೂ ಕೊನೆಗೆ ಹೊಟ್ಟೆಗೇ ಬಂದು ನಿಲ್ಲುತ್ತಿತ್ತು. ಬೆಟ್ಟ ಚೆಂದ, ಆದರೆ ಅಲ್ಲಿಯ ನೀರು ಕುಡಿದು ಮಲಗಿದೆ. ಊರು ಚೆಂದ, ಆದರೆ ನೋಡಲಾಗಲಿಲ್ಲ, ನೋಡಿದ್ದೆಲ್ಲ ಪಾಯಿಖಾನೆಯ ಬಾಗಿಲು. ಇದನ್ನು ವರ್ಷಗಟ್ಟಲೆ ಕೇಳಿದ ಭಾವನ ತಲೆಯಲ್ಲಿ ಹುಳ ಹೊಕ್ಕಿತು. ಮನುಷ್ಯ ಬಟ್ಟೆ, ಚಪ್ಪಲಿ, ಕನ್ನಡಿ, ಬಾಚಣಿಗೆ ಎಲ್ಲ ಹೊತ್ತುಕೊಂಡು ಹೋಗುತ್ತಾನೆ, ಒಳ್ಳೆಯ ನೀರು ಮಾಡಿಕೊಳ್ಳುವ ಒಂದು ಸಾಮಾನನ್ನು ಯಾಕೆ ಒಯ್ಯಬಾರದು ಎಂದು ಕೇಳಲು ಶುರುಮಾಡಿದರು. ಅಂಥವು ಅಂಗಡಿಯಲ್ಲಿ ಸಿಗುತ್ತವೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಮೊದಲು ಬಂದದ್ದು ಕೊಡೆ. ಮಳೆನೀರು ಕೊಡೆಯ ಬಟ್ಟೆಯಿಂದ ಸೋಸಿ, ಟೊಳ್ಳು ಹಿಡಿಯೊಳಗಿನ ಇದ್ದಿಲಿನಲ್ಲಿ ಇಳಿದು, ಕೆಳಗಿನ ನಲ್ಲಿಯಲ್ಲಿ ಬರಬೇಕಿತ್ತು. ಬಂದದ್ದು ಭಾವನ ತೋಳಿನೊಳಗೆ. ತೊಟ್ಟ ಅಂಗಿಯ ಕಂಕುಳು ಇವತ್ತಿಗೂ ಕಪ್ಪಗಿದೆ. ಆಮೇಲೆ ಟೋಪಿ. ಅದನ್ನು ಹಾಕಿಕೊಂಡು ಬಗ್ಗಿದರೆ ನೀರು ಸೋಸುತ್ತಿತ್ತು, ನೆಟ್ಟಗೆ ನಿಂತರೆ ಬೆನ್ನಿಗೆ ಇಳಿಯುತ್ತಿತ್ತು. ಹೀಗೆ ಇನ್ನೂ ಕೆಲವು ಬಂದವು, ಹೋದವು, ಅಟ್ಟ ಸೇರಿದವು.

ಇದೆಲ್ಲ ಗಂಡಸರ ಖಯಾಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನಮ್ಮಕ್ಕನ ಕೆಲಸ ಏನು ಗೊತ್ತೇ? ಊರಿನ ನೀರು ಸರಬರಾಜು ಕಚೇರಿಯ ಪ್ರಯೋಗಶಾಲೆಯಲ್ಲಿ ನೀರು ಪರೀಕ್ಷೆ ಮಾಡುವುದು. ನೀರನ್ನು ಔಷಧ ಹಾಕಿದ ಸಣ್ಣ ಬಾಟಲಿಗೆ ತುಂಬಿ ಬೆಚ್ಚಗೆ ಇಡುತ್ತಾಳೆ. ಕಪ್ಪಗಾದರೆ ಕೊಳಕು ನೀರು, ಹಾಗೇ ಉಳಿದರೆ ಕುಡಿಯಬಹುದು. ಮುಲಾಜಿಲ್ಲ. ಭಾವ ಹೊಸದೇನು ಮಾಡಿದರೂ ಅಕ್ಕ ಒಂದು ಬಾಟಲಿ ತುಂಬಿಕೊಂಡು ಕಚೇರಿಗೆ ಹೋಗುತ್ತಿದ್ದಳು, ಮಾರನೆಯ ದಿನ ಕಪ್ಪಗಾದ ಬಾಟಲಿ ತಂದು ಊಟದ ಮೇಜಿನ ಮೇಲೆ ಇಡುತ್ತಿದ್ದಳು.

ಭಾವನಿಗೆ ಬೇರೆ ಆಸೆಯೇನೂ ಇರಲಿಲ್ಲ. ಹೆಸರು ಬರಲಿ ಎಂದಾಗಲಿ, ಪೇಪರಿನಲ್ಲಿ ಫೋಟೋ ಬರಲಿ ಎಂದಾಗಲಿ ಅವರು ಕನಸು ಕಂಡವರಲ್ಲ. ತಾನು ಸೋಸಿದ ನೀರನ್ನು ಹೆಂಡತಿ ಒಂದು ಲೋಟ ಕುಡಿಯಬೇಕು, ಅಷ್ಟೇ. ಅದಕ್ಕೆಂದೇ ಒಂದು ಸ್ಟೀಲ್ ಲೋಟ ಎತ್ತಿಟ್ಟಿದ್ದರು. ಅದನ್ನು ದಿನವೂ ಉಜ್ಜುತ್ತಿದ್ದರು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಕ್ಕನೋ, ಪರೀಕ್ಷೆಯಲ್ಲಿ ಪಾಸಾಗುವ ತನಕ ಒಂದು ಹನಿಯೂ ತುಟಿಗೆ ಸೋಕಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಹೀಗಿರುವಾಗ ಬಂತು ಸೂಟ್‌ಕೇಸು. ಇಷ್ಟು ವರ್ಷ ಕೈಯಲ್ಲೇ ಇದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಭಾವ ಹಣೆ ಚಚ್ಚಿಕೊಂಡರು. ಮೇಲಿನ ಅರ್ಧದಲ್ಲಿ ಕೊಳಕು ನೀರಿನ ಚೀಲ, ಕೆಳಗಿನ ಅರ್ಧದಲ್ಲಿ ಚೊಕ್ಕ ನೀರಿನ ಡಬ್ಬ. ನಡುವೆ ಬಟ್ಟೆ, ಮರಳು, ಇದ್ದಿಲು, ಕೊನೆಗೆ ಮರದ ಹೊಟ್ಟು ಕಲಸಿ ಇಟ್ಟಿಗೆ ಗೂಡಿನಲ್ಲಿ ಸುಟ್ಟ ಒಂದು ಮಣ್ಣಿನ ಬಿಲ್ಲೆ. ಬಿಲ್ಲೆಯಲ್ಲಿ ನೀರು ತಾನಾಗಿ ಇಳಿಯಲು ಮೊಂಡುತನ ಮಾಡುತ್ತಿತ್ತು. ಅದಕ್ಕೆ ಭಾವ ಚಕ್ರಕ್ಕೆ ಒಂದು ಸರಳು ಕೊಟ್ಟು, ಸರಳಿಗೆ ಸೈಕಲ್ ಪಂಪು ಕಟ್ಟಿದರು. ಸೂಟ್‌ಕೇಸು ಎಳೆದುಕೊಂಡು ನಡೆದರೆ ಚಕ್ರ ತಿರುಗುತ್ತದೆ, ಪಂಪು ಒತ್ತುತ್ತದೆ, ನೀರು ಸೋಸುತ್ತದೆ. ಪ್ರಯಾಣ ಮುಗಿಯುವ ಹೊತ್ತಿಗೆ ಒಳಗೆ ಕುಡಿಯುವ ನೀರು ತಯಾರು. ಕೇಳಿದಾಗ ನನಗೂ ಭಲೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ತೊಂದರೆ ಒಂದೇ. ನೀರು ಸೋಸಬೇಕಾದರೆ ನಡೆಯಬೇಕು. ದಿನಾ ಸಂಜೆ ಅಂಗಡಿ ಮುಚ್ಚಿ ಭಾವ ಸೂಟ್‌ಕೇಸು ಎಳೆದುಕೊಂಡು, ಲೋಟವನ್ನು ಅದರ ಹಿಡಿಗೆ ಕಟ್ಟಿಕೊಂಡು, ಹೊರಡುತ್ತಿದ್ದರು. ನಮ್ಮ ಬೀದಿಯ ಕೊನೆಯ ತನಕ ಹೋಗಿ, ಬಸ್ ನಿಲ್ದಾಣದ ನುಣುಪು ನೆಲದ ಮೇಲೆ ಸುತ್ತು ಹಾಕಿ, ಊಟದ ಹೊತ್ತಿಗೆ ವಾಪಸು ಬರುತ್ತಿದ್ದರು.

ಎದುರುಮನೆಯ ಟೈಲರಮ್ಮನ ಹೊಲಿಗೆ ಮಿಷನ್ನು ಇರುವುದು ಕಿಟಕಿಗೆ ಸರಿಯಾಗಿ. ಬೀದಿಯ ಸಮಸ್ತ ವ್ಯವಹಾರವೂ ಆಕೆಯ ಸೂಜಿಯ ಕೆಳಗೇ ಹಾದುಹೋಗಬೇಕು. ಮೊದಲ ದಿನ ಆಕೆ ನೋಡಿ ಸುಮ್ಮನಿದ್ದಳು. ಎರಡನೆಯ ದಿನ ಮಿಷನ್ನು ನಿಲ್ಲಿಸಿದಳು. ಮೂರನೆಯ ದಿನ ನಮ್ಮಮ್ಮನ ಹತ್ತಿರ ಬಂದು ದನಿ ತಗ್ಗಿಸಿ, ಗಂಡ ಹೆಂಡತಿ ಅಂದಮೇಲೆ ಮಾತು ಬರುತ್ತೆ ಹೋಗುತ್ತೆ, ಇಷ್ಟಕ್ಕೆಲ್ಲ ಪೆಟ್ಟಿಗೆ ಕಟ್ಟಬಾರದು ಎಂದು ಅಳಿಯನಿಗೆ ಬುದ್ಧಿ ಹೇಳಿ ಎಂದಳು. ಅಮ್ಮ ಪಂಪು, ಬಿಲ್ಲೆ ಎಂದು ವಿವರಿಸಲು ಹೋದಳು. ಟೈಲರಮ್ಮ ಅಮ್ಮನ ಕೈ ಹಿಡಿದು, ನನ್ನ ಹತ್ತಿರ ಯಾಕೆ ಮುಚ್ಚಿಡುತ್ತೀರಿ ಎಂದು ಕಣ್ಣೊರೆಸಿಕೊಂಡಳು.

ಒಂದೇ ವಾರದಲ್ಲಿ ಇಡೀ ಬೀದಿಗೆ ಗೊತ್ತಾಯಿತು: ಸೂಟ್‌ಕೇಸಿನವರು ದಿನಾ ಮನೆ ಬಿಟ್ಟು ಹೋಗುತ್ತಾರೆ, ಧೈರ್ಯ ಸಾಲದೆ ವಾಪಸು ಬರುತ್ತಾರೆ. ನಾನು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಅಲ್ಲಿ ಭಾವನಿಗೆ 'ಹೊರಟೋರು' ಎಂದು ಅಡ್ಡಹೆಸರು ಬಿತ್ತು. ಕಂಡಕ್ಟರುಗಳು ನನ್ನ ಕಿಟಕಿಗೆ ಬಗ್ಗಿ, ನಿಮ್ಮ ಹೊರಟೋರು ಬಂದಿದ್ದಾರೆ, ಇವತ್ತಾದರೂ ಒಂದು ಟಿಕೆಟ್ ಹರಿದುಕೊಡಿ ಪಾಪ ಎನ್ನುತ್ತಿದ್ದರು. ನನ್ನ ಮಾನ ಹರಾಜಾಗುತ್ತಿತ್ತು. ಭಾವ ಮಾತ್ರ, ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆಲ್ಲ, ಇಲ್ಲೇ, ಇನ್ನೊಂದು ಸುತ್ತು ಎಂದು ನಗುನಗುತ್ತಾ ಉತ್ತರ ಕೊಡುತ್ತಿದ್ದರು.

ಇಷ್ಟು ಸಾಲದು ಎಂಬಂತೆ ಆ ವರ್ಷ ನಮ್ಮ ಮನೆಯಲ್ಲಿ ಯಾರ ಹೊಟ್ಟೆಯೂ ನೆಟ್ಟಗಿರಲಿಲ್ಲ. ಇವತ್ತು ಅಮ್ಮನಿಗೆ, ನಾಳೆ ನನಗೆ, ನಾಡಿದ್ದು ಅಕ್ಕನಿಗೆ. ದೂರು ಹೊತ್ತವರು ಭಾವ. ಅವರ ನೀರನ್ನು ನಾವ್ಯಾರೂ ಒಂದು ಹನಿ ಕುಡಿದವರಲ್ಲ, ಆದರೂ ಅವರು ಸೋಸಲೆಂದು ಹೊತ್ತು ತರುವ ಕೊಳದ ನೀರು ಮನೆಯೊಳಗೆ ಬಂದಮೇಲೇ ಹೀಗಾದದ್ದು ಎಂದು ನಾವು ಮೂವರೂ ಒಮ್ಮತಕ್ಕೆ ಬಂದಿದ್ದೆವು. ನಾವು ಕುಡಿಯುತ್ತಿದ್ದದ್ದು ನಲ್ಲಿಯ ನೀರು. ಅಮ್ಮ ಕಾಯಿಸೋಣವೇ ಎಂದರೆ ಅಕ್ಕನಿಗೆ ಮೂಗಿನ ತುದಿಗೆ ಸಿಟ್ಟು. ನಾನು ಪರೀಕ್ಷೆ ಮಾಡಿ ಬಿಡುವ ನೀರನ್ನು ನನ್ನ ಮನೆಯಲ್ಲೇ ಕಾಯಿಸಿದರೆ ಊರಿನವರು ಏನೆಂದುಕೊಳ್ಳಬೇಕು ಎನ್ನುತ್ತಿದ್ದಳು.

ಭಾವ ನೀರು ತರುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಕೊಳದಿಂದ. ಹಸಿರು ಬಣ್ಣ, ಅದರದೇ ಒಂದು ವಾಸನೆ. ಸಂಜೆ ತಂದ ಬಕೆಟ್ಟನ್ನು ಹಿತ್ತಲಿನಲ್ಲಿ ಇಟ್ಟು, ಮಾರನೆಯ ದಿನ ಕೆಸರು ತಳಕ್ಕೆ ಕೂತಮೇಲೆ ಮೇಲಿನ ನೀರನ್ನು ಸೂಟ್‌ಕೇಸಿಗೆ ತುಂಬುತ್ತಿದ್ದರು. ಬಾಟಲಿ ಕಪ್ಪಗಾಗುತ್ತಲೇ ಇತ್ತು. ಬಿಲ್ಲೆ ಬದಲಾಯಿತು, ಮರಳು ಬದಲಾಯಿತು, ಬಾಟಲಿಯ ಬಣ್ಣ ಮಾತ್ರ ಬದಲಾಗಲಿಲ್ಲ.

ಆಮೇಲೆ ಒಂದು ದಿನ ಅಕ್ಕ ಕಚೇರಿಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಮೇಜಿನ ಮೇಲೆ ಬಾಟಲಿ ಇಟ್ಟಳು. ಕಪ್ಪಗಾಗಿರಲಿಲ್ಲ. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಕೈಗೆ ಕೊಟ್ಟು ನೋಡಿಸಿದರು, ಅಮ್ಮನಿಗೆ ಕನ್ನಡಕ ತಂದುಕೊಟ್ಟು ನೋಡಿಸಿದರು. ಅಮ್ಮ ಚೆನ್ನಾಗಿದೆ ಎಂದು ಬೇಗ ವಾಪಸು ಕೊಟ್ಟಳು. ಅಕ್ಕ ಅಷ್ಟಕ್ಕೆ ನಂಬುವವಳೇ? ಮತ್ತೆ ಮತ್ತೆ ಮಾಡಿದಳು. ಪ್ರತಿ ಸಲವೂ ಪಾಸು. ಭಾವ ಲೋಟ ಹಿಡಿದುಕೊಂಡು ಬಂದು ನಿಂತರು.

"ಈಗಾದ್ರೂ ಕುಡೀತೀಯಾ?"

ಅಕ್ಕನ ಮುಖ ಮೆತ್ತಗಾದದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಅವಳು ಯಾವುದನ್ನೂ ಸುಮ್ಮನೆ ಮಾಡುವವಳಲ್ಲ. ಜನ ನಿಮ್ಮನ್ನು ನೋಡಿ ನಕ್ಕಿದ್ದಾರೆ, ಆ ಜನರ ಎದುರಿಗೇ ಕುಡಿಯುತ್ತೇನೆ ಎಂದಳು. ಭಾವನಿಗೆ ಅಳುವೇ ಬಂತು. ದೂರದ ಊರುಗಳಿಗೆ ಬಸ್ಸು ಓಡಿಸುವ ಡ್ರೈವರುಗಳು ನೀರಿಗೆ ಪರದಾಡುತ್ತಿದ್ದರು, ಹಾಗಾಗಿ ನಿಲ್ದಾಣದಲ್ಲೇ ಸೋಸಿ ತೋರಿಸಬಹುದೇ ಎಂದು ಅಲ್ಲಿಯ ಮೇಲ್ವಿಚಾರಕರನ್ನು ನಾನೇ ಕೇಳಿದೆ. ರಜೆಯ ದಿನ ಬೆಳಗ್ಗೆ ಎಲ್ಲರನ್ನೂ ಸೇರಿಸೋಣ, ನೀರು ನಿಜಕ್ಕೂ ಚೆನ್ನಾಗಿದ್ದರೆ ಒಂದೊಂದು ಬಸ್ಸಿಗೂ ಒಂದೊಂದು ಮಾಡಿಸೋಣ ಎಂದರು ಅವರು. ಭಾವ ಸೂಟ್‌ಕೇಸಿಗೆ ಪಾಲಿಶ್ ಹಾಕಿದರು. ಅಮ್ಮ ಮಾತ್ರ ಆ ವಾರವಿಡೀ ಊಟ ಸರಿಯಾಗಿ ಮಾಡಲಿಲ್ಲ. ಅಲ್ಲಿ ಯಾವ ನೀರು ತುಂಬುತ್ತಾರೆ, ಮನೆಯಿಂದಲೇ ಒಯ್ಯಬಾರದೇ ಎಂದು ಎರಡೆರಡು ಸಲ ಕೇಳಿದಳು. ವಯಸ್ಸಾದವರ ಗಡಿಬಿಡಿ ಎಂದು ನಾವು ಕಿವಿಮೇಲೆ ಹಾಕಿಕೊಳ್ಳಲಿಲ್ಲ.

ಆ ಬೆಳಗ್ಗೆ ಬೆಂಚುಗಳ ಮೇಲೆ ಡ್ರೈವರುಗಳು, ಕಂಡಕ್ಟರುಗಳು, ಅವರ ಹಿಂದೆ ನಮ್ಮ ಬೀದಿಯವರು. ಟೈಲರಮ್ಮ ಮುಂದಿನ ಸಾಲಿನಲ್ಲೇ ಇದ್ದಳು. ಭಾವ ಎಲ್ಲರ ಕಣ್ಣೆದುರೇ ಕೊಳದಿಂದ ಒಂದು ಬಕೆಟ್ ಹಸಿರು ನೀರು ಎತ್ತಿ ಸೂಟ್‌ಕೇಸಿಗೆ ಸುರಿದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಲ್ದಾಣವನ್ನು ಸುತ್ತತೊಡಗಿದರು. ಚಕ್ರ ಗರಗರ, ಪಂಪು ಪುಸ್ ಪುಸ್. ಕಂಡಕ್ಟರುಗಳು 'ರೈಟ್ ರೈಟ್' ಎಂದು ಕೂಗಿದರು. ಸುತ್ತು ಮುಗಿದಮೇಲೆ ಭಾವ ನಲ್ಲಿ ತಿರುಗಿಸಿದರು. ಲೋಟಕ್ಕೆ ಬಿದ್ದ ನೀರು ಕನ್ನಡಿಯಂತಿತ್ತು. ನಗುತ್ತಿದ್ದವರೆಲ್ಲ ಕತ್ತು ಚಾಚಿದರು. ಅಕ್ಕ ಲೋಟ ತೆಗೆದುಕೊಂಡಳು, ಭಾವನ ಮುಖ ನೋಡಿದಳು, ತುಟಿಯ ಹತ್ತಿರ ತಂದಳು.

ಅಮ್ಮ ಅಷ್ಟು ಜೋರಾಗಿ ನಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೋದವಳೇ ಲೋಟದ ಬಾಯಿಗೆ ಅಂಗೈ ಮುಚ್ಚಿದಳು.

"ಕುಡೀಬೇಡ ಕಣೇ. ಅದು ಪಾಸಾಗಿದ್ದಲ್ಲ, ನಾನು ಪಾಸು ಮಾಡಿಸಿದ್ದು."

ಅಷ್ಟು ಜನರ ನಡುವೆ ನಿಂತು ಅಮ್ಮ ಎಲ್ಲವನ್ನೂ ಹೇಳಿದಳು. ಅಳಿಯ ದಿನಾ ಮನೆ ಬಿಡುತ್ತಾರೆ ಎಂಬ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಒಂದು ಸಲ ಪಾಸಾಗಿ, ಮಗಳು ಒಂದು ಲೋಟ ಕುಡಿದುಬಿಟ್ಟರೆ, ಈ ಸೂಟ್‌ಕೇಸಿನ ಓಡಾಟ ನಿಲ್ಲುತ್ತದೆ ಎಂದುಕೊಂಡಳು. ನಾವೆಲ್ಲ ಹೊರಗಿರುವಾಗ ಹಿತ್ತಲಿನ ಬಕೆಟ್ಟು ತಿಕ್ಕಿ ತೊಳೆದು, ಅಡುಗೆಮನೆಯ ನಲ್ಲಿ ನೀರು ತುಂಬುತ್ತಿದ್ದಳು. ಬಣ್ಣಕ್ಕೆ ಒಂದಿಷ್ಟು ಟೀ ಡಿಕಾಕ್ಷನ್ನು. ಕೊಳದಂತೆ ಕಾಣಲಿ ಎಂದು ಮೇಲೆ ನಾಲ್ಕು ಎಲೆ. ಆ ಎಲೆಗಳನ್ನೂ ಚೆನ್ನಾಗಿ ತೊಳೆದು ಹಾಕುತ್ತಿದ್ದಳಂತೆ.

ನಿಲ್ದಾಣವೇ ಹಾರಿಹೋಗುವಂತೆ ಜನ ನಕ್ಕರು. ಒಬ್ಬ ಡ್ರೈವರು ಬೆಂಚಿನಿಂದ ಕೆಳಗೆ ಜಾರಿದ. ಭಾವ ಮಾತ್ರ ಅಮ್ಮನ ಕಡೆ ತಿರುಗಿದರು. ಸಿಟ್ಟಾಗಲಿಲ್ಲ. ಆಗಿದ್ದರೆ ನಮಗೂ ಹಗುರಾಗುತ್ತಿತ್ತು.

"ಎಲೆ ಯಾಕೆ ತೊಳೆದ್ರಿ ಅತ್ತೆ?" ಎಂದು ಅದೊಂದನ್ನೇ ಕೇಳಿದರು.

"ಕೊಳಕು ಎಲೆ ಹಾಕೋಕೆ ಮನಸ್ಸು ಬರ್ಲಿಲ್ಲ," ಎಂದಳು ಅಮ್ಮ.

ಭಾವ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ನಡೆದರು. ಅದನ್ನು ಎಳೆದುಕೊಂಡು ಹಿಂದೆ ಬಂದವಳು ನಾನು. ಟೈಲರಮ್ಮ ಓಡಿಹೋಗಿ ಅವರನ್ನು ದಾರಿಯಲ್ಲಿ ನಿಲ್ಲಿಸಿ, ಪೆಟ್ಟಿಗೆ ಬಿಟ್ಟುಬಂದಿರಲ್ಲ, ಇನ್ನು ಮನೆಯಲ್ಲೇ ಇರುತ್ತೀರಿ ತಾನೇ, ತುಂಬ ಸಂತೋಷವಾಯಿತು ಎಂದಳು. ಜೀವಮಾನದಲ್ಲಿ ಮೊದಲ ಬಾರಿಗೆ ಯಾರ ಕತ್ತಾದರೂ ಹಿಸುಕಬೇಕು ಎಂದು ನನಗೆ ಅನ್ನಿಸಿತು.

ಆ ದಿನ ಸೋಸಿದ ಕೊಳದ ನೀರನ್ನು ಅಕ್ಕ ಬಾಟಲಿಗೆ ತುಂಬಿ ಒಯ್ದಿದ್ದಳು. ಕಪ್ಪಗಾಯಿತು. ಅದನ್ನು ಅವಳು ಮೇಜಿನ ಮೇಲೆ ಇಡಲಿಲ್ಲ. ಇಡುವ ಅಗತ್ಯವೂ ಇರಲಿಲ್ಲ. ಭಾವ ಸೂಟ್‌ಕೇಸನ್ನು ಮೂಲೆಗೆ ತಳ್ಳಿ, ಲೋಟವನ್ನು ಅಡುಗೆಮನೆಯ ಉಳಿದ ಲೋಟಗಳ ಜೊತೆ ಇಟ್ಟುಬಿಟ್ಟಿದ್ದರು. ಜಿಪ್ಪಿನ ಹತ್ತಿರ ಮಾತಾಡುವುದನ್ನೂ ನಿಲ್ಲಿಸಿದ್ದರು. ನಕ್ಕಿದ್ದೆನಲ್ಲ ಈ ಮನುಷ್ಯನನ್ನು ನೋಡಿ ಎಂದು ನನಗೆ ನನ್ನ ಮೇಲೆಯೇ ಬೇಜಾರಾಯಿತು.

ಅಕ್ಕನಿಗೆ ಬೇರೆಯದೇ ಒಂದು ಮುಳ್ಳು ಚುಚ್ಚುತ್ತಿತ್ತು. ಅವಳ ಕಚೇರಿಯಲ್ಲಿ ಯಾವ ಯಂತ್ರ ಪರೀಕ್ಷೆ ಮಾಡಿದರೂ ಒಳಗೆ ಹೋಗುವ ನೀರನ್ನು ಮೊದಲು ನೋಡಬೇಕು, ಆಮೇಲೆ ಹೊರಗೆ ಬಂದದ್ದನ್ನು. ಗಂಡನ ವಿಷಯದಲ್ಲಿ ಅವಳು ಮೊದಲಿನದನ್ನು ಒಮ್ಮೆಯೂ ನೋಡಿರಲಿಲ್ಲ. ಕೊಳದ ನೀರು ಕೊಳಕು ಎಂದು ಹೇಳಲು ಬಾಟಲಿ ಬೇಕೇ ಎಂಬ ಉಡಾಫೆ. ನೋಡಿದ್ದರೆ ಅಮ್ಮನ ಟೀ ಅವತ್ತೇ ಸಿಕ್ಕಿಬೀಳುತ್ತಿತ್ತು ಎಂದುಕೊಂಡಳು. ಆಗಲಿಲ್ಲವಲ್ಲ, ಈಗಲಾದರೂ ಲೆಕ್ಕ ಪೂರ್ತಿಯಾಗಲಿ ಎಂದು ಅಡುಗೆಮನೆಯ ನಲ್ಲಿಯಿಂದ ಮೂರು ಬಾಟಲಿ ತುಂಬಿ ಒಯ್ದಳು. ಒಳ್ಳೆಯ ನೀರು ಹೋಗಿತ್ತು, ಒಳ್ಳೆಯ ನೀರು ಬಂದಿತ್ತು, ಯಂತ್ರ ಏನೂ ಮಾಡಿರಲಿಲ್ಲ, ಕಥೆ ಮುಗಿಯಿತು ಎನ್ನುವುದಕ್ಕಾಗಿ.

ಮಾರನೆಯ ದಿನ ಮಟಮಟ ಮಧ್ಯಾಹ್ನ ಅಕ್ಕ ಕಚೇರಿಯ ಬಿಳಿ ಕೋಟಿನಲ್ಲೇ ಮನೆಗೆ ಬಂದಳು. ನಾನು ಊಟಕ್ಕೆ ಬಂದಿದ್ದೆ. ಭಾವ ಯಾರದೋ ಬ್ಯಾಗಿನ ಪಟ್ಟಿ ಹೊಲಿಯುತ್ತಿದ್ದರು. ಅಕ್ಕ ಮೂಲೆಯಿಂದ ಸೂಟ್‌ಕೇಸು ಎಳೆದಳು, ಅಡುಗೆಮನೆಯ ನಲ್ಲಿ ನೀರನ್ನು ಅದರ ಬಾಯಿತುಂಬ ಸುರಿದಳು, ಹಿಡಿಯನ್ನು ಭಾವನ ಕೈಗೆ ಕೊಟ್ಟಳು.

"ನಡೀರಿ," ಎಂದಳು.

ಭಾವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಡೆದರು. ಬಿಸಿಲಿನಲ್ಲಿ ಬೀದಿಯ ಕೊನೆಯ ತನಕ ಹೋಗಿ ಬಂದರು. ಎದುರುಮನೆಯ ಮಿಷನ್ನು ಟಕ್ಕನೆ ನಿಂತದ್ದು ನಮಗೆ ಒಳಗೇ ಕೇಳಿಸಿತು. ಬಂದಮೇಲೆ ಅಕ್ಕ ಅಡುಗೆಮನೆಗೆ ಹೋಗಿ, ಲೋಟಗಳ ಸಾಲಿನಿಂದ ಆ ಒಂದು ಲೋಟವನ್ನೇ ಹುಡುಕಿ ತಂದಳು. ಅವಳಿಗೆ ಅದು ಗುರುತಿತ್ತು ಎಂಬುದು ಭಾವನಿಗೆ ಗೊತ್ತಿರಲಿಲ್ಲ. ನಲ್ಲಿ ತಿರುಗಿಸಿ ತುಂಬಿಸಿಕೊಂಡಳು.

"ಪರೀಕ್ಷೆ?" ಎಂದರು ಭಾವ, ಹೆದರಿಕೊಂಡು.

"ಆಗಿದೆ," ಎಂದಳು ಅಕ್ಕ. ಗಟಗಟನೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಲೋಟ ಮುಂದೆ ಚಾಚಿದಳು. "ಇನ್ನೊಂದು ಲೋಟ ಕೊಡ್ರೀ."

ಆಮೇಲೆ ಕೋಟಿನ ಜೇಬಿನಿಂದ ಬಾಟಲಿ ತೆಗೆದಳು. ನಮ್ಮ ಅಡುಗೆಮನೆಯ ನಲ್ಲಿ ನೀರು ಕಪ್ಪಗಾಗಿತ್ತು, ಕೊಳದ ನೀರಿಗಿಂತ ಏನೂ ಕಡಿಮೆಯಿಲ್ಲದಂತೆ. ಬಾಟಲಿಯೇ ಸರಿಯಿಲ್ಲವೇನೋ ಎಂದು ಬೆಳಗ್ಗೆ ಆಫೀಸರ ಎದುರಿಗೇ ಹಿಂದಿನ ದಿನ ತುಂಬಿದ್ದ ಇನ್ನೆರಡನ್ನೂ ತೆಗೆದು ನೋಡಿದ್ದಳು. ಎಲ್ಲವೂ ಕಪ್ಪು. ಅಮ್ಮ ಮೋಸ ಮಾಡಿ ತುಂಬಿದ್ದ ಒಳ್ಳೆಯ ನೀರು ಒಳ್ಳೆಯ ನೀರಾಗಿರಲೇ ಇಲ್ಲ. ಅದನ್ನು ಒಳ್ಳೆಯದು ಮಾಡಿದ್ದು ಸೂಟ್‌ಕೇಸು. ಕೊಳದ ಹಸಿರಿಗೆ ಸೋಲುತ್ತಿದ್ದ ಬಿಲ್ಲೆ ನಲ್ಲಿಯ ಕೊಳಕನ್ನು ತಡೆದಿತ್ತು. ಒಂದು ವರ್ಷ ನಮ್ಮ ಹೊಟ್ಟೆಗಳನ್ನು ಕೆಡಿಸಿದ್ದು ಅಕ್ಕನ ಕಚೇರಿಯ ನೀರು, ಬೈಸಿಕೊಂಡದ್ದು ಭಾವ.

ಭಾವ ಲೋಟ ತುಂಬಿಸಲು ಹೋದರು, ಅವಸರಕ್ಕೆ ಅರ್ಧ ನೆಲಕ್ಕೆ ಹೋಯಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಾನು ಬಕೆಟ್ಟು ಬದಲಾಯಿಸದಿದ್ದರೆ ಇದು ಯಾರಿಗಾದರೂ ಗೊತ್ತಾಗುತ್ತಿತ್ತೇ ಎಂದು ಕೇಳಿದಳು. ಅದನ್ನೇ ಅವಳು ಇವತ್ತಿಗೂ ವಾರಕ್ಕೊಮ್ಮೆ ಕೇಳುತ್ತಾಳೆ.

ಬೀದಿ ಅಗೆದರು. ಟೈಲರಮ್ಮನ ಮನೆಯ ಮುಂದೆಯೇ ಕುಡಿಯುವ ನೀರಿನ ಪೈಪು ಬಿರುಕು ಬಿಟ್ಟು ಚರಂಡಿಯ ಜೊತೆ ಸ್ನೇಹ ಬೆಳೆಸಿತ್ತು. ಅದು ಸರಿಹೋಗುವ ತನಕ ಬೀದಿಯವರೆಲ್ಲ ಬಿಂದಿಗೆ ಹಿಡಿದು ನಮ್ಮ ಅಂಗಡಿಯ ಮುಂದೆ ಸಾಲು ನಿಂತರು. ಸೂಟ್‌ಕೇಸು ಒಂದೇ, ಬಾಯಾರಿದವರು ಬೀದಿ ತುಂಬ. ಹಾಗಾಗಿ ನೀರು ಬೇಕಾದವರು ತಾವೇ ಒಂದು ಸುತ್ತು ಎಳೆದುಕೊಂಡು ಬರಬೇಕು ಎಂದು ಅಕ್ಕ ನಿಯಮ ಮಾಡಿದಳು. ಮೊದಲು ಎಳೆದವಳು ಟೈಲರಮ್ಮ. ಆಕೆ ಪೆಟ್ಟಿಗೆ ಹಿಡಿದು ಬಿರಬಿರನೆ ಹೋಗುವುದನ್ನು ಕಂಡು ಆಕೆಯ ಗಂಡ ಪಂಚೆ ಸರಿಮಾಡಿಕೊಳ್ಳುತ್ತಾ ಹಿಂದೆ ಓಡಿದ.

ಪೈಪು ಸರಿಹೋಯಿತು. ನಲ್ಲಿ ನೀರು ಪಾಸಾಯಿತು. ಸಾಲು ಕರಗಿತು. ಮತ್ತೆ ಒಬ್ಬರೇ ಉಳಿದ ಭಾವ ಕೊಳದ ಕಡೆ ನೋಡುತ್ತಾ ಕೂತಿದ್ದರು. ಅದು ಇನ್ನೂ ಹಸಿರಾಗಿಯೇ ಇತ್ತು, ಅದರ ಬಾಟಲಿ ಇನ್ನೂ ಕಪ್ಪಾಗುತ್ತಲೇ ಇತ್ತು. ಒಂದು ಸಂಜೆ ಅಕ್ಕ ಕಚೇರಿಯಿಂದ ಬರುವಾಗ ತಾನೇ ಒಂದು ಬಕೆಟ್ ಕೊಳದ ನೀರು ಹೊತ್ತು ತಂದಳು. ಅದಕ್ಕೊಂದು ಮುಚ್ಚಳ ಹಾಕಿಸಿ, ಅಮ್ಮನ ಕಣ್ಣೆದುರೇ ಆ ಮುಚ್ಚಳಕ್ಕೆ ಯಾವುದೋ ಹಳೆಯ ಸೂಟ್‌ಕೇಸಿನ ಬೀಗ ಜಡಿಸಿದಳು. ತಗಡಿನ ಡಬ್ಬಿಯಲ್ಲಿದ್ದ ಕೀಲಿಕೈ ಒಂದಕ್ಕೆ ಕೊನೆಗೂ ಬೀಗ ಸಿಕ್ಕಿತು. ಭಾವ ಅದನ್ನು ಎರಡು ದಿನ ಎಲ್ಲರಿಗೂ ತೋರಿಸಿದರು.

ಈಗ ಸಂಜೆ ಅವರು ಹೊರಡುವುದು ಇಬ್ಬರೇ. ಭಾವ ಸೂಟ್‌ಕೇಸು ಎಳೆಯುತ್ತಾರೆ, ಅಕ್ಕ ಪಕ್ಕದಲ್ಲಿ ಬಾಟಲಿಗಳ ಚೀಲ ಹಿಡಿದು, ಬಿಲ್ಲೆಗೆ ಮರದ ಹೊಟ್ಟು ಇನ್ನೆಷ್ಟು ಕಲಸಬೇಕು ಎಂದು ಜಗಳವಾಡುತ್ತಾ ನಡೆಯುತ್ತಾಳೆ. ಲೋಟ ಹಿಡಿಯಲ್ಲಿ ನೇತಾಡುತ್ತಿರುತ್ತದೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ಈಗ ನನ್ನನ್ನು ಎರಡು ಟಿಕೆಟ್ ಕೇಳುತ್ತಾರೆ.

ಅವರು ಹೀಗೆ ಜೊತೆಯಾಗಿ ಹೊರಟ ಮೊದಲ ದಿನವೇ ಟೈಲರಮ್ಮ ಮಿಷನ್ನು ಬಿಟ್ಟು ನಮ್ಮ ಬಾಗಿಲಿಗೆ ಬಂದಿದ್ದಳು.

"ಅಯ್ಯೋ, ಈಗ ಮಗಳೂ ಹೊರಟ್ಲಾ?"

ಅಮ್ಮ ಬಾಗಿಲಲ್ಲಿ ನಿಂತು, ಬೀದಿಯ ತಿರುವಿನಲ್ಲಿ ಅವರಿಬ್ಬರೂ ಮರೆಯಾಗುವ ತನಕ ನೋಡಿದಳು.

"ಹೂಂ," ಎಂದಳು. "ಇಬ್ರೂ ಒಟ್ಟಿಗೇ ಮನೆ ಬಿಟ್ರು. ಊಟದ ಹೊತ್ತಿಗೆ ಬರ್ತಾರೆ."